ಟ್ರೈಪಾಡಿಗೆ ತೂಗುಹಾಕಿದ ಕಲ್ಲು

ನಾನು ಹೃಷಿಕೇಶ ಐತಾಳ, ಪ್ರಾಯ 37 ವರ್ಷ, ಉದ್ಯೋಗ ಫೋಟೋ ಸ್ಟುಡಿಯೊ, ವಾಸ ಪಾರಂಪಳ್ಳಿ, ಸಾಲಿಗ್ರಾಮ, ಬ್ರಹ್ಮಾವರ ತಾಲೂಕು. ಯಾರೂ ಕರೆಯದೆ ನಾನಾಗಿ ಠಾಣೆಗೆ ಬಂದು ಬರೆಸಿಕೊಡುವುದೇನೆಂದರೆ, ಕುಂದಾಪುರ ಕೋಡಿಯ ಬಚ್ಚ ಮೊಗವೀರರ ದೋಣಿಯನ್ನು ಬಿಚ್ಚಿದ್ದು ಅವರ ನೆರೆಮನೆಯ ನಾಗ ಅಲ್ಲ, ನಾನು.

ಮದುವೆ, ಉಪನಯನಗಳ ಫೋಟೋ ತೆಗೆಯುವುದು ನನ್ನ ಕಸುಬು. ಕಳೆದ ವರ್ಷ ಅರವತ್ತೊಂದು ಮೆಗಾಪಿಕ್ಸೆಲ್ ಕ್ಯಾಮೆರಾ ಕೊಂಡ ಮೇಲೆ ಹೊಳೆ, ಸಮುದ್ರದ ಫೋಟೋ ತೆಗೆಯುವ ಮರ್ಲು ಹಿಡಿಯಿತು. ಈ ಕ್ಯಾಮೆರಾ ಒಂದಿಷ್ಟು ಅಲುಗಿದರೂ ಫೋಟೋದಲ್ಲಿ ತೋರಿಸಿಬಿಡುತ್ತದೆ. ಫಿಲ್ಟರು, ರಿಮೋಟು ಅಗ್ಗದ್ದಾದರೂ ನಡೆಯುತ್ತದೆ, ಟ್ರೈಪಾಡಿನಲ್ಲಿ ಮಾತ್ರ ಜುಗ್ಗತನ ಮಾಡಬೇಡಿ ಎಂದು ನಾನು ಹತ್ತು ಮಂದಿಗೆ ಭಾಷಣ ಬಿಗಿದಿದ್ದೇನೆ. ನಾನು ತರಿಸಿದ್ದು ಮಾತ್ರ ಗಾಳಿಗೆ ನಡುಗುವ ಅಗ್ಗದ ಟ್ರೈಪಾಡ್. ಅದರ ನಡುಕಂಬದ ಅಡಿಗೆ ಒಂದು ಕೊಕ್ಕೆಯಿದೆ. ಅಲ್ಲಿ ಭಾರ ತೂಗುಹಾಕಿದರೆ ಅಲುಗುವುದಿಲ್ಲ. ಅದಕ್ಕೆಂದು ನನ್ನ ಹೆಂಡತಿ ಶಾಂಭವಿ ಮರಳು ತುಂಬುವ ಚೀಲವೊಂದನ್ನು ಹೊಲಿದುಕೊಟ್ಟಿದ್ದಳು.

ದಿನಾಂಕ 23-11-2024ರ ಶನಿವಾರ ಸಂಜೆ 5.30ಕ್ಕೆ, ಹೊಳೆ ಸಮುದ್ರ ಸೇರುವ ಕೋಡಿ ಅಳಿವೆಯ ಹತ್ತಿರ ಟ್ರೈಪಾಡ್ ನಿಲ್ಲಿಸಿದೆ. ಎದುರಿಗೆ ನೀರಿನಲ್ಲಿ ಒಂದು ದೋಣಿ ನಿಂತಿತ್ತು. ಚೀಲವನ್ನು ಮನೆಯಲ್ಲೇ ಮರೆತಿದ್ದೆ. ಗಾಳಿ ಜೋರಿತ್ತು. ಮರಳಿನಲ್ಲಿ ತೂತು ಕೊರೆದ ಒಂದು ಕಲ್ಲು, ಅದಕ್ಕೆ ಕಟ್ಟಿದ ನೀಲಿ ಹಗ್ಗ ಕಂಡಿತು. ಹಗ್ಗದ ಉಳಿದ ಭಾಗ ಮರಳಿನಡಿ ಹೂತಿತ್ತು. ಬೇಡದ್ದನ್ನು ಬಿಸಾಡಿದ್ದಾರೆ ಎಂದುಕೊಂಡು ಗಂಟು ಬಿಚ್ಚಿ, ಕಲ್ಲನ್ನು ಕೊಕ್ಕೆಗೆ ತೂಗುಹಾಕಿದೆ. ಅದು ಆ ದೋಣಿಯನ್ನು ಹಿಡಿದು ನಿಲ್ಲಿಸುವ ಕಲ್ಲು. ಅಲೆಯ ಸದ್ದು ಕೇಳಿಯೇ ಬೆಳೆದವನು ನಾನು, ನನಗೆ ಗೊತ್ತಾಗಬೇಕಿತ್ತು.

ಸಮುದ್ರದ ಇಳಿತ ಶುರುವಾಗಿ ನೀರು ಹಿಂದಕ್ಕೆ ಸರಿಯುತ್ತಿತ್ತು. ನೀರು ಹಾಲಿನಂತೆ ಕಾಣಲೆಂದು ಕಪ್ಪು ಫಿಲ್ಟರ್ ಹಾಕಿ ಅರ್ಧ ನಿಮಿಷದ ಫೋಟೋಗಳನ್ನು ತೆಗೆಯುತ್ತಿದ್ದೆ. ಮೂರನೆಯದರಲ್ಲಿ ಬಂಡೆಗಳೆಲ್ಲ ಸ್ಪಷ್ಟ, ದೋಣಿ ಮಾತ್ರ ಮಸುಕು. ಟ್ರೈಪಾಡನ್ನು ಬೈದೆ. ಟ್ರೈಪಾಡ್ ಅಲುಗಿದ್ದರೆ ಬಂಡೆಯೂ ಮಸುಕಾಗಬೇಕಲ್ಲ ಎಂಬುದು ಹೊಳೆಯಲಿಲ್ಲ. ಅಷ್ಟರಲ್ಲಿ ಬಚ್ಚ ಅವರ ಹೆಂಡತಿ, ಬಾಗಿ ಎಂಬವರು, ಏನೋ ಕೂಗುತ್ತಾ ನನ್ನ ಫೋಟೋಕ್ಕೆ ಅಡ್ಡ ಬಂದರು. ಗಾಳಿಗೆ ಕೇಳಿದ್ದು ಹ್ವಾಯ್ ಎಂಬುದೊಂದೇ. ಅತ್ತ ಸರಿಯಿರಿ ಎಂದು ಕೈ ಬೀಸಿದೆ. ಅವರು ಆ ಕಡೆಗೇ ಓಡಿದರು. ಫೋಟೋ ಕ್ಲೀನಾಯಿತು ಎಂದು ನನಗೆ ಸಂತೋಷವಾಯಿತು.

ಸ್ವಲ್ಪ ಹೊತ್ತಿಗೆ ಅಲೆ ತಡೆಯಲು ಹಾಕಿದ ಬಂಡೆಗಳಿಗೆ ದೋಣಿ ಬಡಿದು ಎರಡು ತುಂಡಾಯಿತು. ಬಲೆಯೂ ಹೋಯಿತು. ಜನ ಕೂಡಿದರು. ನನಗೆ ಎಲ್ಲವೂ ಅರ್ಥವಾಯಿತು. ಬಾಯಿ ಬಿಡದೆ, ಕಲ್ಲನ್ನೂ ಕಾರಿಗೆ ಹಾಕಿಕೊಂಡು ಮನೆಗೆ ಓಡಿದೆ. ಹೇಳಲು ನಾಚಿಕೆಯಾಗುತ್ತದೆ.

ಭಾನುವಾರ ಶಾಂಭವಿ ಕಾರಿನಲ್ಲಿ ಕಲ್ಲು ಕಂಡು ಎಲ್ಲಿಯದೆಂದು ಕೇಳಿದಳು. ಸುಳ್ಳು ಹೇಳಿದೆ. ಸಂಜೆ ಅವಳೇ ಮೊಬೈಲಿನಲ್ಲಿ ಬಂದ ಸುದ್ದಿ ಓದಿ ಹೇಳಿದಳು, ಬಚ್ಚ ಅವರೊಡನೆ ಹಿಂದೆ ಜಗಳವಾಡಿದ್ದ ನಾಗ ಎಂಬವರೇ ದೋಣಿ ಬಿಚ್ಚಿದ್ದೆಂದು ದೂರಾಗಿದೆ, ಪೊಲೀಸರು ಕರೆಸಿದ್ದಾರೆ ಎಂದು. ಆಮೇಲೆ ನನ್ನ ಮುಖ ನೋಡಿ, ಎದ್ದು ಹೋಗಿ ಕಾರಿನಿಂದ ಕಲ್ಲನ್ನು ತಂದು ನನ್ನ ಕಾಲ ಬಳಿ ಇಟ್ಟಳು.

ಈ ದಿನ ಬೆಳಿಗ್ಗೆ ಮೊದಲು ಬಚ್ಚ ಅವರ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಬಾಗಿ ಗಂಡನನ್ನು ಕರೆದು, ದೋಣಿ ಹೋಗುವ ದಿಕ್ಕನ್ನು ಕೈ ಮಾಡಿ ತೋರಿಸಿದ ಪುಣ್ಯಾತ್ಮರು ಇವರೇ ಎಂದರು. ಕೂರಲು ಕುರ್ಚಿ ಹಾಕಿದರು. ಕೂರಲಾಗಲಿಲ್ಲ. ನಿಂತೇ ಎಲ್ಲ ಹೇಳಿದೆ. ಬಚ್ಚ ಒಳಗೆ ಹೋಗಿಬಿಟ್ಟರು. ಬಾಗಿ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. “ಐತಾಳ್ರೆ, ಕಲ್ಲ್ ಬೇಕ್ ಅಂದೇಳಿ ಒಂದ್ ಮಾತ್ ಕೇಂಡಿದ್ರೆ ಬೇರೆ ಕಲ್ಲ್ ಕೊಡ್ತಿದ್ದೆ ಅಲ್ದಾ,” ಎಂದರು.

ಅಲ್ಲಿಂದ ನೇರ ಇಲ್ಲಿಗೆ ಬಂದೆ. ಕಲ್ಲನ್ನೂ ಕ್ಯಾಮೆರಾದ ಕಾರ್ಡನ್ನೂ ಹಾಜರುಪಡಿಸಿದ್ದೇನೆ. ನಾಗ ಅವರನ್ನು ಈ ದಿನವೂ ಕರೆಸಿದ್ದು, ಅವರು ಹೊರಗಿನ ಬೆಂಚಿನಲ್ಲಿ ಕೂತಿದ್ದಾರೆ. ಅವರನ್ನು ಮೊದಲು ಮನೆಗೆ ಕಳುಹಿಸಿ, ಆಮೇಲೆ ನಾನು ಹೊರಗೆ ಹೋಗುತ್ತೇನೆ ಎಂದು ಕೇಳಿಕೊಂಡೆ. ನನ್ನ ಸಹಿಯಾಗದೆ ಅವರನ್ನು ಕಳುಹಿಸಲು ಬರುವುದಿಲ್ಲ, ಅವರಿಗೆ ವಿಷಯವನ್ನು ನಾನೇ ಹೋಗಿ ಹೇಳಬೇಕು ಎಂದು ಸಾಹೇಬರು ತಿಳಿಸಿದರು.

ಬರೆದದ್ದನ್ನು ಓದಿ ಹೇಳಿದ್ದನ್ನು ಕೇಳಿದ್ದೇನೆ. ಎಲ್ಲವೂ ನಿಜ. ಸಹಿ ಮಾಡಿ ಹೊರಗೆ ಹೋಗುತ್ತೇನೆ.

ಸ್ಥಳ: ಕುಂದಾಪುರ
ದಿನಾಂಕ: 25-11-2024
ಸಹಿ/- ಹೃಷಿಕೇಶ ಐತಾಳ