ಬೂಟು ಬಿಡದ ಸ್ಕೀ

ಟಿರೋಲ್ ಬೆಟ್ಟಸೀಮೆಯ ನಮ್ಮೂರ ಶಾಲೆಯಲ್ಲಿ ಪ್ರತಿ ಅಕ್ಟೋಬರಿಗೆ ಹಿಮದ ಮೇಲೆ ಜಾರುವ ಹಳೇ ಸ್ಕೀಗಳ ಸಂತೆ. ಮಾರಲು ತಂದವರ ಸಾಲಿನಲ್ಲಿ ನನ್ನ ಮುಂದೆ ಗೊಟ್‌ಹಾರ್ಡ್, ಅವನ ಹೆಂಡತಿ ಬುರ್ಗಿ. ಅವನ ಹೆಗಲ ಮೇಲೆ ಮಗಳು ಲೇನಿಯ ಸ್ಕೀ, ಬೆಟ್ಟದ ಯಾವ ಹಿಮಕ್ಕೂ ಆಗುವಂಥದ್ದು.

"ಲೇನಿ ಕೇಳಿದ್ರೆ ಏನಂತೀಯ?" ಬುರ್ಗಿ ಕೇಳಿದಳು.

"ಸ್ಕೀ ಸರಿಯಿರ್ಲಿಲ್ಲ, ಮಾರ್ಬಿಟ್ಟೆ ಅಂತೀನಿ."

"ಸರಿಯಿಲ್ಲದ್ದನ್ನ ಇನ್ನೊಬ್ರ ಮಗಳ ಕಾಲಿಗೆ ಕಟ್ತೀಯ?"

"ಮೆಲ್ಲಗೆ ಮಾತಾಡು."

"ಬೂಟು ಹಿಡಿಯೋ ಕೊಂಡಿಯ ಸ್ಕ್ರೂ ಬಿಗಿ ಮಾಡಿದ್ದು ಯಾರು?"

"ಸುಮ್ಸುಮ್ನೆ ಬೂಟು ಕಳಚ್ಕೊಳ್ತಿದೆ ಅಂತ ಅವಳೇ ಗೋಳಾಡಿದ್ಲು."

"ಅಂಗಡೀಲಿ ಅವಳ ತೂಕ ನೋಡಿ ಎಷ್ಟು ಬಿಗಿ ಬೇಕೋ ಅಷ್ಟೇ ಮಾಡ್ಕೊಡ್ತಾರೆ ಅಂದೆ. ನೀನು ಕೇಳ್ಲಿಲ್ಲ."

"ಮೂವತ್ತು ವರ್ಷದಿಂದ ಮನೆಯವರದ್ದೆಲ್ಲ ನಾನೇ ಮಾಡಿದ್ದು."

"ಅವಳು ಬಿದ್ದಾಗ ಕೊಂಡಿ ಬೂಟು ಬಿಡ್ಲೇ ಇಲ್ಲ. ಮಂಡಿ ಹೋಯ್ತು."

"ಈಗ ಸಡಿಲ ಮಾಡಿದೀನಿ."

"ಯಾವಾಗ?"

"ಅವಳು ಆಸ್ಪತ್ರೇಲಿದ್ದಾಗ."

ಅಷ್ಟರಲ್ಲಿ ಅವರ ಸರದಿ ಬಂತು. ಮೇಜಿನ ಹಿಂದಿದ್ದ ಹೆಂಗಸು ಚೀಟಿ ಬರೆಯುತ್ತ, "ಏನಾದ್ರೂ ದೋಷ ಇದೆಯಾ?" ಎಂದಳು.

ಗೊಟ್‌ಹಾರ್ಡ್ ಹೆಂಡತಿಯ ಮುಖ ನೋಡಿದ.

"ಇಲ್ಲ. ಸ್ಕೀಯಲ್ಲಿ ಏನೂ ದೋಷ ಇಲ್ಲ."

"ಇದನ್ನೇ ಮನೇಲಿ ಲೇನಿಗೂ ಹೇಳು," ಎಂದು ಬುರ್ಗಿ ಸಾಲು ಬಿಟ್ಟು ಹೊರಟಳು.

ಅವನು ಆ ಹೆಂಗಸು ಬರೆದ ಚೀಟಿಯನ್ನು ಮೇಜಿನ ಮೇಲೇ ಬಿಟ್ಟು, ಸ್ಕೀಯನ್ನು ಮತ್ತೆ ಹೆಗಲಿಗೇರಿಸಿಕೊಂಡು ಅವಳ ಹಿಂದೆ ನಡೆದ.