ನಡುಮನಿಯ ಕುಣಿಗೆ ಬಂದ ಬಿಲ್ಲು

ಹಲೋ... ಯಾರ್ರಿ ಮಾತಾಡೋದು? ಒಳಚರಂಡಿ ಆಫೀಸಿನ ಪರಮೇಶ ಅವರಾ?... ಹಾಂ, ನಾ ಬನಹಟ್ಟಿಯಿಂದ ಅನುರಾಧಾ. ನೇಕಾರ ವೀರಣ್ಣನ ಬಾಜೂ ಮನಿಯಾಕಿ.

...

ಹಾಂ, ಅದ ಮನಿ. ನಳ ಕಡ್ಯಾಕ ನಿಮ್ಮ ಮುತ್ತಣ್ಣ ಬಂದು ನಿಂತಾನ. ಯಾಕಂತ ಕೇಳಬಹುದೇನ್ರಿ?

...

ಬಾಕಿ? ಒಂದು ಸಂಡಾಸಕ್ಕ ಜೋಡಣಿ ಶುಲ್ಕ ತುಂಬ್ಯಾರ, ತಿಂಗಳ ಬಳಕೆ ಶುಲ್ಕಾನೂ ತುಂಬ್ಯಾರ. ಬಳಸಿದವರು ಕೊಡಬೇಕು, ಅದಕ್ಕ ನಮ್ಮ ತಕರಾರಿಲ್ಲ. ಎರಡನೇ ಸಂಡಾಸ ಎಲ್ಲಿಂದ ಬಂತು?

...

ನಡುಮನ್ಯಾಗ ಇನ್ನೊಂದು ಗುಂಡಿ ಐತಿ ಅಂತ?... ಸರ್ವೇದವರು ಬಾಗಲದಾಗ ನಿಂತು ಹಣಿಕಿ ನೋಡ್ಯಾರ? ಭಾಳ ಛಲೋ ಆತು. ತಮ್ಮಾ, ನಡುಮನ್ಯಾಗ ಯಾರರ ಸಂಡಾಸ ಕಟ್ಟಸ್ತಾರೇನು? ಅದು ಕೈಮಗ್ಗದ ಕುಣಿ. ಅದರಾಗ ಕಾಲು ಇಳಿಬಿಟ್ಟು ಕುಂತು ನೇಯ್ತಾರ.

...

ವಾಸನಿ? ವಾಸನಿ ಐತಿ ಅಂತನೂ ಬರದಾರಾ?... ಅದು ನೂಲಿಗೆ ಹಚ್ಚೋ ಗಂಜಿದ್ದು. ನಾ ಸಣ್ಣಾಕಿದ್ದಾಗ ನಮ್ಮವ್ವನ ಸೆರಗಿಗೆ ಅದ ಹುಳಿ ವಾಸನಿ ಇರತಿತ್ತು. ಅದರಾಗ ಮೂಗಿಟ್ಟು ಮಲಗತಿದ್ನಿ. ನಿಮ್ಮವರಿಗೆ ಅದು ಸಂಡಾಸ ಆತು, ಅಲ್ಲೇನ್ರಿ?

...

ನಿಯಮ? ಪೈಪ್ ಹಾಕಿಲ್ಲ, ಹೊಲಸು ಹರದಿಲ್ಲ, ಆದರೂ ಜೋಡಣಿ ಶುಲ್ಕ! ಹಂಗಾದರ ಅವರ ಬೀಸೋಕಲ್ಲಿಗೂ ನಡುವ ಒಂದು ತೂತೈತಿ, ಅದನ್ನ ಮರತೀರಿ ನೋಡ್ರಿ.

...

ಇಲ್ಲ, ನಾ ನಗಾಕತ್ತಿಲ್ಲ.

...

ಮೊದಲ ರೊಕ್ಕ ತುಂಬಿ ಆಮ್ಯಾಲ ಅರ್ಜಿ ಕೊಡಬೇಕಾ? ಅಲ್ಲೀತನಕಾ ನೀರು?... ನಳ ಕಡದರ ಇದ್ದ ಒಂದು ಸಂಡಾಸಾನೂ ನಡೆಯಂಗಿಲ್ಲ. ನೀವು ಎರಡಕ್ಕ ರೊಕ್ಕ ಕೇಳಾಕತ್ತೀರಿ. ಎಷ್ಟು ಸಾಲಿ ಕಲ್ತೀರಿ ಇದಕ್ಕ?

...

ಮುತ್ತಣ್ಣನಾ? ನಾ ಅವನ್ನ ತಡದಿಲ್ಲ. ಅಂವ ತಾನಾಗೇ ಚಪ್ಪಲಿ ಬಿಟ್ಟು ಒಳಗ ಹೋದ. ವೀರಣ್ಣ ಸರದು ಜಾಗಾ ಕೊಟ್ಟ. ಕುಣ್ಯಾಗ ಕಾಲು ಬಿಟ್ಟು ಕುಂತು ನೋಡಿ ಬಂದ. ನೀವೂ ಒಮ್ಮೆ ಬಂದು ಕುಂದರ್ರಿ, ಅದಕ್ಕೇನು ಶುಲ್ಕ ಇಲ್ಲ.

...

ಫೋನ್ ಅವನ ಕೈಗೆ ಕೊಡಬೇಕಾ? ಕಡಿ ಅಂತ ಹೇಳಾಕಾ?... ಹ್ಯಾಂಗ ಕೊಡ್ಲಿ, ಕೈ ತೊಳ್ಕೊಳ್ಳಾಕತ್ತಾನ. ಹಾಂ, ಅದ ನಳದಾಗ...

...

ಸಿಟ್ಟಾಗಬ್ಯಾಡ್ರಿ, ತಡೀರಿ... ವೀರಣ್ಣನ ಹೆಂಡತಿ ಸೋಮವ್ವ ಹೊರಗ ಬಂದಳು. ರೊಟ್ಟಿ, ಪುಂಡಿಪಲ್ಯದ ತಾಟು ಮುತ್ತಣ್ಣನ ಕೈಯಾಗ ಇಟ್ಟಳು. ಅಂವ ಉಣ್ಣಾಕ ಕುಂತ... ಹಲೋ?... ಪರಮೇಶ ಅವರೇ?... ಹಲೋ...