ಫೋರ್ತ್ ಮೆಲ್ರಾಯ್‌ಗೆ ಮೂರನೆಯ ಶಾಲು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ತಾಯಿಫ್‌ನಿಂದ ಇಷ್ಟು ದೂರ ಬಂದಿರುವ ಮುಖ್ಯ ಅತಿಥಿ ಡಾಕ್ಟರ್ ಮಸೂದಾ ಅವರೇ, ಬಿರಿಯಾನಿಯ ಪರಿಮಳ ಬಂದ ಮೇಲೂ ಕುರ್ಚಿ ಬಿಡದ ಜುಬೈಲ್ ಕನ್ನಡ ಬಳಗದ ಸಭಿಕರೇ, ಎಲ್ಲರಿಗೂ ಸಲಾಂ, ವಂದನೆ.

ನಾನು ಅರ್ಕಮ್, ಭಟ್ಕಳದವನು. ಸೌದಿಯ ಇಲ್ಲಿನ ಕಾರ್ಖಾನೆಗಳಿಗೆ ಪಂಪು, ವಾಲ್ವು ಮಾರುವ ಅಂಗಡಿಯವನು. ನನ್ನ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ಮೆಲ್ರಾಯ್ ಅವರಿಗೆ ಇಂದು ಬೀಳ್ಕೊಡುಗೆ. ಇದು ಮೂರನೆಯದು. ಹಿಂದಿನ ಎರಡು ಸಲವೂ ಶಾಲು ಹೊದ್ದು, ಫೋಟೋ ತೆಗೆಸಿಕೊಂಡು, ನಾನು ಕರೆದೆನೆಂದು ಮರುವಾರ ಅಂಗಡಿಯಲ್ಲಿ ಕುಳಿತಿದ್ದರು. ಹೀಗಾದರೆ ಬಳಗದವರು ಶಾಲು ಎಲ್ಲಿಂದ ತರಬೇಕು?

ಅವರ ಶ್ರೀಮತಿ ಜೆಮ್ಮಾ ಬಾಯಮ್ಮ ಮುಂದಿನ ಸಾಲಿನಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆ. ಸಭೆ ಶುರುವಾಗುವ ಮೊದಲೇ ಮಾತು ತೆಗೆದುಕೊಂಡಿದ್ದಾರೆ: "ಅರ್ಕಮ್ ಭಾಯ್, ಹೊಗಳಿ, ಬೈಯಿರಿ, ಎಂತ ಬೇಕಾದರೂ ಮಾಡಿ. ಇವರಿಗೆ ಉಳಿಯಲಿಕ್ಕೆ ಮಾತ್ರ ಹೇಳಬೇಡಿ. ಶುಕ್ರವಾರ ವಿಮಾನ." ಆಯಿತು, ಬೈಯುತ್ತೇನೆ.

ಎಂಬತ್ತನಾಲ್ಕರಲ್ಲಿ ಅಂಗಡಿಗೆ ಮೊದಲ ಕಂಪ್ಯೂಟರ್ ತಂದೆ. ಅದರ ನೆನಪಿನ ಶಕ್ತಿ ಈಗಿನ ಮಕ್ಕಳ ಕೈಗಡಿಯಾರಕ್ಕಿಂತ ಕಡಿಮೆ. ಆಗ ಊರೆಲ್ಲ ಬೇಸಿಕ್ ಎಂಬ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿತ್ತು. ಕಲಿತವರು ಬೇಕಾದಷ್ಟು, ಪುಸ್ತಕ ಬೇಕಾದಷ್ಟು. ಈ ಮಹಾನುಭಾವರು ಆರಿಸಿದ್ದು ಯಾವುದು? ಫೋರ್ತ್! ಹೆಸರು ಕೇಳಿದವರು ಕೈ ಎತ್ತಿ ನೋಡೋಣ. ಯಾರೂ ಇಲ್ಲ. ಆಗಲೂ ಯಾರೂ ಇರಲಿಲ್ಲ.

"ಎಂತಕ್ಕೆ ಮಾರಾಯ ಇದು?" ಎಂದೆ.

"ಬೇಸಿಕ್ ಹಾಕಿದರೆ ಇದರ ಹೊಟ್ಟೆ ಅಲ್ಲಿಗೇ ತುಂಬಿತು ಸಾಹೇಬ್ರೆ, ನಿಮ್ಮ ವಾಲ್ವಿಗೆ ಜಾಗ ಎಲ್ಲಿ? ಫೋರ್ತ್ ಸಣ್ಣದು, ಓಟ ಜೋರು. ಮತ್ತೆ ಇದರಲ್ಲಿ ಬೇಕಾದ ಪದ ನಾವೇ ಮಾಡಿಕೊಳ್ಳಬಹುದು" ಎಂದರು.

ಮಾಡಿಕೊಂಡರು ಸ್ವಾಮಿ! ಎಲ್ಲವನ್ನೂ ಕೊಂಕಣಿಯಲ್ಲಿ. ತರಲು 'ಹಾಡ್', ಎಣಿಸಲು 'ಮೇಜ್', ಇಡಲು 'ದವರ್'. ಪರದೆಯ ಮೇಲೆ ದಾಸ್ತಾನು ಸರಸರ ಓಡತೊಡಗಿದರೆ ತಡೆಯಲು 'ರಾವ್', ಅಂದರೆ ನಿಲ್ಲು, ಇರು. ನಮ್ಮ ಭಟ್ಕಳದ ನವಾಯತಿ ಮಾತಾಡುವ ನನಗೆ ಕೊಂಕಣಿ ದೂರದ ನೆಂಟ. ಅರ್ಧ ಊಹೆಯಿಂದ, ಅರ್ಧ ಧೈರ್ಯದಿಂದ ಕಲಿತೆ. ಮನೆಯಲ್ಲಿ ನನ್ನ ಹೆಂಡತಿ ನಬೀಸಾ ಮಾತು ಬಿಟ್ಟ ವಾರಗಳಲ್ಲಿ ಆ ಯಂತ್ರವೊಂದೇ ನಾನು ಹೇಳಿದ್ದು ಕೇಳುತ್ತಿತ್ತು. ಇದು ಭಾಷಣದಲ್ಲಿ ಇರಲಿಲ್ಲ, ಬಿಡಿ.

ಯಂತ್ರಗಳು ಬದಲಾದವು, ಪ್ರೋಗ್ರಾಮ್ ಬದಲಾಗಲಿಲ್ಲ. ಹೋದ ವರ್ಷ ನನ್ನ ಮಗ ಸುಫ್ಯಾನ್ "ಬಾಬಾ, ನಾಚಿಕೆ ಆಗ್ತದೆ" ಎಂದು ರಿಯಾದ್‌ನಿಂದ ಟೈ ಕಟ್ಟಿದ ಕಂಪ್ಯೂಟರ್ ತಜ್ಞರನ್ನು ಕರೆಸಿದ. ಅವರು ಪ್ರೋಗ್ರಾಮನ್ನು ಉದ್ದಕ್ಕೂ ಅಡ್ಡಕ್ಕೂ ನೋಡಿ, ಇದು ಗೂಢಲಿಪಿ, ಬಿಡಿಸುವ ಕೀಲಿ ಕೊಡಿ ಎಂದರು. ಮೆಲ್ರಾಯ್ ಸುಲೈಮಾನಿ ಚಹಾ ಹೀರುತ್ತ "ಕೀಲಿ ಎಂತದ್ದೂ ಇಲ್ಲ, ಕೊಂಕಣಿ ಅಷ್ಟೇ. ನಮ್ಮೂರು ಶಿರ್ವಕ್ಕೆ ಹೋಗಿ ಯಾರನ್ನು ಬೇಕಾದರೂ ಕೇಳಿ" ಎಂದರು. ಅಹಂಕಾರ ನೋಡಿ! ಬೇಸಿಕ್ ಆರಿಸಿದ್ದರೆ ನೋಡಿಕೊಳ್ಳಲು ಬೀದಿಗೊಬ್ಬ ಸಿಗುತ್ತಿದ್ದ. ಇವರ ಬೀಳ್ಕೊಡುಗೆಯೂ ಒಂದೇ ಶಾಲಿನಲ್ಲಿ ಮುಗಿಯುತ್ತಿತ್ತು.

ಕೊನೆಗೂ ಹೊಸ ವ್ಯವಸ್ಥೆ ಬಂತು. ಚಂದ ಉಂಟು, ಬಣ್ಣಬಣ್ಣದ್ದು. ಮೊದಲ ವಾರವೇ ರಾಸ್ ಅಲ್ ಖೈರ್‌ನ ನೀರಿನ ಸ್ಥಾವರಕ್ಕೆ ಹೋಗಬೇಕಿದ್ದ ಆಳೆತ್ತರದ ವಾಲ್ವನ್ನು ತಾಯಿಫ್‌ನ ಹಲ್ಲಿನ ಕ್ಲಿನಿಕ್ಕೊಂದಕ್ಕೆ ಕಳಿಸಿತು. ಡಾಕ್ಟರ್ ಮಸೂದಾ ಅವರ ಪರಿಚಯ ನನಗಾದದ್ದು ಹಾಗೆ.

ಇರಲಿ, ಸರಿಯಾಗುತ್ತದೆ. ಸುಫ್ಯಾನ್ ಬುದ್ಧಿವಂತ, ಸರಿ ಮಾಡಿಕೊಳ್ಳುತ್ತಾನೆ. ಅಂಗಡಿಯ ಚಿಂತೆ ನನಗಿಲ್ಲ. ಆದರೆ ಶನಿವಾರ ಬೆಳಿಗ್ಗೆ ಬಾಗಿಲು ತೆರೆದು ನಾನು ಯಾರ ಹತ್ತಿರ ಜಗಳ ಆಡಲಿ? "ನಿಮಗೆ ತಲೆ ಇಲ್ಲ ಸಾಹೇಬ್ರೆ" ಎಂದು ಮುಖಕ್ಕೇ ಹೇಳುವವರು ಇನ್ನು ಯಾರಿದ್ದಾರೆ? ಉಳಿದವರೆಲ್ಲ ನನಗೆ ಹೌದು ಹೌದು ಎನ್ನುವವರು. ನನಗೆ ಹೆದರಿಕೆಯಾಗುತ್ತಿದೆ, ಸಭಿಕರೇ.

ಆದರೂ ಕೊಟ್ಟ ಮಾತಿಗೆ ತಪ್ಪುವವನು ನಾನಲ್ಲ. ಬಾಯಮ್ಮ, 'ಉಳಿಯಿರಿ' ಎಂದು ನಾನು ಹೇಳುವುದಿಲ್ಲ. ಇಷ್ಟು ವರ್ಷ ಆ ಯಂತ್ರಕ್ಕೆ ಹೇಳಿದ್ದನ್ನೇ ಒಮ್ಮೆ ಹೇಳಿ, ಈ ಶಾಲು ಹೊದಿಸುತ್ತೇನೆ.

ಮೆಲ್ರಾಯ್, ರಾವ್.

ಬಾಯಮ್ಮ, ಕುಳಿತುಕೊಳ್ಳಿ, ಮೈಕು ಕೊಡುವುದಿಲ್ಲ. ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ, ಊಟ ಮಾಡಿಯೇ ಹೋಗಿ. ನಮಸ್ಕಾರ.